ಗಲ್ಫ್‌ನಲ್ಲಿ ಕೆಲಸ ಹೋದರೆ ಕೈಗೆ ಬರುವುದೆಷ್ಟು?

ಮದ್ರಸದಲ್ಲಿ ಕಲಿಸುವವರಿಗೆ ಪಾಠದ ಜೊತೆ ಇನ್ನೊಂದು ಕೆಲಸವೂ ಇರುತ್ತದೆ. ಗಲ್ಫ್‌ನಿಂದ ಮಗನೋ ಗಂಡನೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಅರಬಿ ಕಾಗದ ತೋರಿಸಿ "ಉಸ್ತಾದ್, ಇದರಲ್ಲಿ ಏನು ಬರೆದಿದ್ದಾರೆ, ಒಮ್ಮೆ ನೋಡಿ" ಎಂದು ಮನೆಯವರು ಕೇಳುತ್ತಾರೆ. ಕಂಪೆನಿಯಲ್ಲಿ ಕೆಲಸ ಕಡಿಮೆಯಾಗಿ ಜನರನ್ನು ಊರಿಗೆ ಕಳಿಸುವಾಗ ಬರುವ ಕಾಗದದಲ್ಲಿ ಮೊದಲು ಹುಡುಕಬೇಕಾದದ್ದು ಒಂದೇ ಪದ. 'ಇಸ್ತಿಖಾಲ' ಎಂದಿದೆಯೇ, 'ಇನ್‌ಹಾಉಲ್ ಅಖ್ದ್' ಎಂದಿದೆಯೇ? ಮೊದಲನೆಯದೆಂದರೆ ರಾಜೀನಾಮೆ, ನಾನೇ ಬಿಟ್ಟು ಹೋಗುತ್ತೇನೆ ಎಂದು ಬರೆದುಕೊಟ್ಟ ಹಾಗೆ. ಎರಡನೆಯದು ಕರಾರನ್ನು ಕೊನೆಗೊಳಿಸುವುದು. ತೆಗೆಯುವುದು ಕಂಪೆನಿ, ಆದರೆ ಸಹಿ ಹಾಕಿಸುವುದು ರಾಜೀನಾಮೆಗೆ. ಇದು ಹೊಸ ಉಪಾಯವೇನಲ್ಲ.

ಸೌದಿಯಲ್ಲಿ ಈ ಒಂದು ಪದದಿಂದ ಎಷ್ಟು ಹೋಗುತ್ತದೆ ನೋಡಿ. ಅಲ್ಲಿನ ಕಾನೂನಿನ ಪ್ರಕಾರ ಸರ್ವಿಸ್ ಮುಗಿದಾಗ ಮೊದಲ 5 ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಪೂರ್ತಿ ಒಂದು ತಿಂಗಳ ಸಂಬಳ ಕೊಡಬೇಕು. ಲೆಕ್ಕ ಹಿಡಿಯುವುದು ಕೊನೆಯ ಸಂಬಳದ ಮೇಲೆ. 2,000 ರಿಯಾಲ್ ಸಂಬಳಕ್ಕೆ 8 ವರ್ಷ ದುಡಿದವನಿಗೆ ಮೊದಲ 5 ವರ್ಷದ್ದು 5,000, ಉಳಿದ 3 ವರ್ಷದ್ದು 6,000, ಒಟ್ಟು 11,000 ರಿಯಾಲ್ ಬರಬೇಕು. ಅವನೇ ರಾಜೀನಾಮೆ ಕೊಟ್ಟ ಲೆಕ್ಕವಾದರೆ ಮೂರರಲ್ಲಿ ಎರಡು ಪಾಲು ಮಾತ್ರ, ಅಂದರೆ ಸುಮಾರು 7,333. ಸರ್ವಿಸ್ 2ರಿಂದ 5 ವರ್ಷದೊಳಗಿದ್ದರೆ ಮೂರರಲ್ಲಿ ಒಂದು ಪಾಲು. 2 ವರ್ಷವೂ ಆಗದಿದ್ದರೆ ಏನೂ ಇಲ್ಲ. 10 ವರ್ಷ ತುಂಬಿದವರಿಗೆ ಮಾತ್ರ ರಾಜೀನಾಮೆ ಕೊಟ್ಟರೂ ಪೂರ್ತಿ ಸಿಗುತ್ತದೆ. ಕಂಪೆನಿಯೇ ತೆಗೆದರೆ ಒಂದು ವಾರದೊಳಗೆ ಲೆಕ್ಕ ಚುಕ್ತಾ ಮಾಡಬೇಕು. ನಾವೇ ಬಿಟ್ಟರೆ ಎರಡು ವಾರ.

ದುಬೈ, ಅಬುಧಾಬಿ, ಶಾರ್ಜಾದವರ ಲೆಕ್ಕ ಬೇರೆ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇಯ ಹೊಸ ಕಾರ್ಮಿಕ ಕಾನೂನಿನಲ್ಲಿ ರಾಜೀನಾಮೆ ಕೊಟ್ಟವರಿಗೂ ಗ್ರಾಚ್ಯುಟಿ ಕಡಿತವಿಲ್ಲ, ಒಂದು ವರ್ಷ ಸರ್ವಿಸ್ ಆಗಿದ್ದರೆ ಸಾಕು. ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಸಂಬಳ, ನಂತರ ವರ್ಷಕ್ಕೆ 30 ದಿನದ್ದು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಇಲ್ಲಿ ಸಂಬಳವೆಂದರೆ ಬೇಸಿಕ್ ಮಾತ್ರ, ಕಾಗದದಲ್ಲಿ 'ರಾತಿಬ್ ಅಸಾಸಿ' ಎಂದು ಇರುವುದು. ಕೈಗೆ 2,500 ದಿರ್ಹಮ್ ಬರುವವನ ಕರಾರಿನಲ್ಲಿ ಬೇಸಿಕ್ 1,200 ಎಂದು ಬರೆದು ಉಳಿದದ್ದನ್ನು ರೂಮು, ಸಾರಿಗೆ ಎಂದು ತೋರಿಸಿದ್ದರೆ 8 ವರ್ಷಕ್ಕೆ ಸಿಗುವುದು 7,800 ದಿರ್ಹಮ್. 2,500ರ ಮೇಲೆ ಲೆಕ್ಕ ಹಾಕಿಕೊಂಡು ಕುಳಿತ ಮನೆಯವರ ಮನಸ್ಸಿನಲ್ಲಿ 16,250 ಇರುತ್ತದೆ. ಸಂಬಳವಿಲ್ಲದ ರಜೆಯಲ್ಲಿ ಊರಲ್ಲಿ ಕಳೆದ ತಿಂಗಳುಗಳೂ ಸರ್ವಿಸ್‌ಗೆ ಸೇರುವುದಿಲ್ಲ. ಮದುವೆಗೆಂದು ಬಂದು ಆರು ತಿಂಗಳು ನಿಂತವರು ಇದನ್ನು ಗಮನಿಸಬೇಕು.

ಹಾಗಾದರೆ ದುಬೈಯಲ್ಲಿ ರಾಜೀನಾಮೆಗೆ ಸಹಿ ಹಾಕಿದರೆ ನಷ್ಟವಿಲ್ಲವೇ? ಇದೆ. 2023ರ ಜನವರಿಯಿಂದ ಅಲ್ಲಿ ಕೆಲಸ ಹೋದವರಿಗೆಂದೇ ಒಂದು ಇನ್ಶೂರೆನ್ಸ್ ಕಡ್ಡಾಯವಾಗಿದೆ. ಬೇಸಿಕ್ 16,000 ದಿರ್ಹಮ್‌ವರೆಗೆ ಇರುವವರಿಗೆ ಕಂತು ತಿಂಗಳಿಗೆ 5 ದಿರ್ಹಮ್, ಒಂದು ಚಹಾ ತಿಂಡಿಯ ದುಡ್ಡು. ಸತತ 12 ತಿಂಗಳು ಕಟ್ಟಿದವರನ್ನು ಕಂಪೆನಿ ತೆಗೆದರೆ ಬೇಸಿಕ್‌ನ ಶೇ. 60ರಷ್ಟು 3 ತಿಂಗಳವರೆಗೆ ಸಿಗುತ್ತದೆ. ಕೆಲಸ ಹೋಗಿ 30 ದಿನದೊಳಗೆ ಅರ್ಜಿ ಹಾಕಬೇಕು. ರಾಜೀನಾಮೆ ಕೊಟ್ಟವರಿಗೆ, ಶಿಸ್ತುಕ್ರಮದಲ್ಲಿ ತೆಗೆಯಲ್ಪಟ್ಟವರಿಗೆ ಇದು ಇಲ್ಲ. ದಂಡಕ್ಕೆ ಹೆದರಿ ಕಂತು ಕಟ್ಟಿ, ಅದು ಯಾತಕ್ಕೆಂದೇ ತಿಳಿಯದೆ ಊರಿಗೆ ಬಂದು ಕೂತರೆ ಪ್ರಯೋಜನವೇನು?

ಗ್ರಾಚ್ಯುಟಿಯ ಹೊರತಾಗಿ ಬಾಕಿ ಸಂಬಳ, ತೆಗೆದುಕೊಳ್ಳದ ರಜೆಯ ಹಣ, ನೋಟಿಸ್ ಅವಧಿಯ ಸಂಬಳವೂ ಬರಬೇಕು. ಬೇರೆ ಕೆಲಸಕ್ಕೆ ಸೇರದೆ ಊರಿಗೆ ಮರಳುವುದಾದರೆ ಟಿಕೆಟ್ ಕೂಡಾ. ಯುಎಇಯಲ್ಲಿ ನೋಟಿಸ್ ಕನಿಷ್ಠ 30 ದಿನ. ಕಂಪೆನಿ ತೆಗೆಯುವುದಾದರೆ ಆ ದಿನಗಳಲ್ಲಿ ಬೇರೆ ಕೆಲಸ ಹುಡುಕಲು ವಾರಕ್ಕೆ ಒಂದು ದಿನ ಸಂಬಳವಿಲ್ಲದ ರಜೆ ಕೇಳಬಹುದು. ಕೊನೆಗೆ ಒಂದು ಕಾಗದ ಬರುತ್ತದೆ, 'ಮುಖಾಲಸ' ಎಂದು. ನನ್ನ ಲೆಕ್ಕವೆಲ್ಲ ಮುಗಿದಿದೆ, ಇನ್ನು ಏನೂ ಬರಲಿಕ್ಕಿಲ್ಲ ಎಂದು ಅದರರ್ಥ. ಹಣ ಖಾತೆಗೆ ಬೀಳುವ ಮೊದಲು ಅದಕ್ಕೆ ಸಹಿ ಹಾಕಬಾರದು. ಅರಬಿ ಬಾರದಿದ್ದರೆ ಫೋಟೊ ತೆಗೆದು ಊರಿಗೆ ಕಳಿಸಿ. ಓದಿ ಹೇಳುವವರು ಪ್ರತಿ ಮೊಹಲ್ಲಾದಲ್ಲಿ ಇದ್ದಾರೆ.

ನನಗೆ ಹೆಚ್ಚು ಬೇಸರವಾಗುವುದು ಕಂಪೆನಿಗಳ ವಿಷಯದಲ್ಲಿ ಅಲ್ಲ, ನಮ್ಮೂರಿನವರದ್ದೇ ಅಂಗಡಿ, ಹೊಟೇಲುಗಳ ವಿಷಯದಲ್ಲಿ. ಧಣಿ ನಮ್ಮವರು, ವೀಸಾ ಕೊಟ್ಟವರು, ಮನೆ ಕಟ್ಟುವಾಗ ಸಾಲ ಕೊಟ್ಟವರು. ಅವರ ಮುಂದೆ ಬಾಯಿಬಿಟ್ಟು ಲೆಕ್ಕ ಕೇಳುವುದು ಹೇಗೆ ಎಂದು ಹುಡುಗರು ಸುಮ್ಮನಾಗುತ್ತಾರೆ. ಹೊರಡುವ ದಿನ ಕೈಗೆ ಒಂದಿಷ್ಟು ಇಟ್ಟರೆ ಅದನ್ನೇ ಉಪಕಾರ ಎಂದುಕೊಳ್ಳುತ್ತಾರೆ. ಅದು ಉಪಕಾರವಲ್ಲ, ಸದಖವೂ ಅಲ್ಲ. ದುಡಿದವನ ಹಕ್ಕು, ಕೊಡದಿದ್ದರೆ ಧಣಿಯ ಮೇಲಿರುವ ಸಾಲ. ರಮಳಾನಿನಲ್ಲಿ ಊರಿಗೆ ಕಿಟ್ ಕಳಿಸುವ ಮೊದಲು ಈ ಲೆಕ್ಕ ಸರಿಮಾಡುವುದು ಒಳ್ಳೆಯದು.

'ಫ್ರೀ ವೀಸಾ'ದಲ್ಲಿ ಹೋದವರ ಪಾಡು ಕಷ್ಟ. ಕಾಗದದಲ್ಲಿ ಧಣಿ ಒಬ್ಬ, ದುಡಿಯುವುದು ಇನ್ನೊಬ್ಬನಲ್ಲಿ. ಕೇಳುವುದು ಯಾರ ಹತ್ತಿರ? ಹೌಸ್ ಡ್ರೈವರ್, ಮನೆಕೆಲಸದವರಿಗೂ ಮೇಲಿನ ಲೆಕ್ಕಗಳು ಅನ್ವಯಿಸುವುದಿಲ್ಲ, ಅವರಿಗೆ ಬೇರೆಯೇ ನಿಯಮಗಳಿವೆ.

ಇನ್ನು ಮನೆಯವರಿಗೆ. ಎಂಟು ವರ್ಷದ ಗ್ರಾಚ್ಯುಟಿ ಎಂದರೆ ಮೇಲೆ ಹೇಳಿದ ಉದಾಹರಣೆಯಲ್ಲಿ ಎರಡು ಲಕ್ಷ ರೂಪಾಯಿಯ ಆಸುಪಾಸು. ಅದರಲ್ಲಿ ಮೇಲಂತಸ್ತು ಏಳುವುದಿಲ್ಲ, ತಂಗಿಯ ಮದುವೆಯೂ ಆಗುವುದಿಲ್ಲ. ಬೇರೆ ಕೆಲಸ ಸಿಗುವವರೆಗೆ ಅಡುಗೆಮನೆ, ಮಕ್ಕಳ ಫೀಸು, ಉಮ್ಮನ ಮದ್ದು ನಡೆದರೆ ಅದೇ ದೊಡ್ಡದು. "ಎಷ್ಟು ತಂದೆ?" ಎಂದು ಮೊದಲ ದಿನವೇ ಕೇಳಬೇಡಿ. ಅವನೂ ಕೆಲಸ ಹೋದದ್ದನ್ನು ರಜೆಯೆಂದು ಸುಳ್ಳು ಹೇಳಿ ಬರುವುದು ಬೇಡ, ಹೆಂಡತಿಗಾದರೂ ಮೊದಲೇ ತಿಳಿಸಿರಲಿ.

ಹಣ ಕೊಡದಿದ್ದರೆ ಅಲ್ಲಿರುವಾಗಲೇ ಯುಎಇಯಲ್ಲಿ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಕೊಡಬೇಕು. 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ಸೌದಿಯಲ್ಲಿ ಮೊದಲು ರಾಜಿ ಮಾತುಕತೆ, ಅದು ಮುರಿದರೆ ಕಾರ್ಮಿಕ ನ್ಯಾಯಾಲಯ. ಕೆಲಸ ಮುಗಿದ ದಿನದಿಂದ ಸೌದಿಯಲ್ಲಿ 12 ತಿಂಗಳು, ಯುಎಇಯಲ್ಲಿ 2 ವರ್ಷ ಕಳೆದರೆ ದಾವೆ ನಿಲ್ಲುವುದಿಲ್ಲ. ಊರಿಗೆ ಬಂದಾಗಿದ್ದರೆ ನಮ್ಮ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಅದಕ್ಕೆ ಕರಾರಿನ ಪ್ರತಿ, ಪಾಸ್‌ಪೋರ್ಟ್, ಇಖಾಮಾ ಅಥವಾ ಎಮಿರೇಟ್ಸ್ ಐಡಿಯ ಪ್ರತಿ, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ. ಇವುಗಳ ಫೋಟೊ ಇವತ್ತೇ ಊರಿನ ಫೋನಿಗೆ ಬಂದಿರಲಿ.