ನಾಯಿಮರಿಗಳ ಪಾರ್ವೋ ರೋಗ: ರೂಪಾಂತರಗಳನ್ನು ಗುರುತಿಸುವ ಬಗೆ

ಲಸಿಕೆ ಹಾಕಿಸಿದ ಎರಡೂವರೆ ತಿಂಗಳ ನಾಯಿಮರಿಯೊಂದು ಅನ್ನ ಬಿಟ್ಟು, ವಾಂತಿ ಮಾಡಿಕೊಂಡು, ದುರ್ಗಂಧಯುಕ್ತ ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲೇ ಅಸುನೀಗಿದರೆ, ಮನೆಯವರು ಕೇಳುವ ಮೊದಲ ಪ್ರಶ್ನೆ ‘ಚುಚ್ಚುಮದ್ದು ಹಾಕಿಸಿದ್ದರೂ ಹೀಗೇಕಾಯಿತು?’ ಎಂಬುದು. ‘ಇದು ಹೊಸ ತಳಿಯ ವೈರಾಣು’ ಎಂಬ ಸಮಾಧಾನದ ಉತ್ತರ ಸುಲಭವಾಗಿ ದೊರೆಯುತ್ತದೆ. ಅದರಲ್ಲಿ ಸತ್ಯಾಂಶವೆಷ್ಟು?

ಪಾರ್ವೋ ನಾಯಿಗಳ ಪುರಾತನ ವ್ಯಾಧಿಯಲ್ಲ. 1978ರ ಸುಮಾರಿಗೆ ಅನೇಕ ದೇಶಗಳಲ್ಲಿ ಹೆಚ್ಚುಕಡಿಮೆ ಏಕಕಾಲಕ್ಕೆ ಅದು ಕಾಣಿಸಿಕೊಂಡಿತು. ಬೆಕ್ಕುಗಳನ್ನು ಕಾಡುವ ಒಂದು ವೈರಾಣುವಿಗೆ ಇದು ಅತಿ ನಿಕಟ ಸಂಬಂಧಿ. ಪಾರ್ವೋ-2 ಎಂಬ ಆ ಮೂಲರೂಪವನ್ನು ಕೆಲವೇ ವರ್ಷಗಳಲ್ಲಿ 2ಎ ಎಂಬ ರೂಪಾಂತರವು ಹಿಂದಿಕ್ಕಿತು. 1984ರಲ್ಲಿ 2ಬಿ, 2000ದಲ್ಲಿ ಇಟಲಿಯಲ್ಲಿ 2ಸಿ ಗುರುತಿಸಲ್ಪಟ್ಟವು. ಈ ಮೂರೂ ಭಾರತದಲ್ಲಿ ಪತ್ತೆಯಾಗಿವೆ.

ಇವುಗಳ ಅಂತರ ಅತ್ಯಲ್ಪ. ವೈರಾಣುವಿನ ಹೊರಕವಚವು ಬಹುಪಾಲು ವಿಪಿ2 ಎಂಬ ಪ್ರೋಟೀನಿನಿಂದಾದುದು. ಅದು 584 ಅಮೈನೋ ಆಮ್ಲಗಳ ಸರಪಳಿ. ಅದರ 426ನೆಯ ಸ್ಥಾನದಲ್ಲಿ 2ಎ ರೂಪದಲ್ಲಿ ಆಸ್ಪರಜಿನ್, 2ಬಿಯಲ್ಲಿ ಆಸ್ಪಾರ್ಟಿಕ್ ಆಮ್ಲ, 2ಸಿಯಲ್ಲಿ ಗ್ಲುಟಾಮಿಕ್ ಆಮ್ಲ ಇರುತ್ತವೆ. ಡಿಎನ್‌ಎ ಲಿಪಿಯಲ್ಲಿ ಇದು ಒಂದೆರಡು ಅಕ್ಷರಗಳ ವ್ಯತ್ಯಾಸ ಮಾತ್ರ. ಸುಮಾರು ಐದು ಸಾವಿರ ಅಕ್ಷರಗಳ ಗ್ರಂಥದಲ್ಲಿ ಕಾಗುಣಿತವೊಂದು ಬದಲಾದಂತೆ ಎನ್ನಬಹುದು.

ಆಸ್ಪತ್ರೆಯಲ್ಲಿ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ನೀಡುವ ಪಟ್ಟಿಪರೀಕ್ಷೆಯು ಮಲದಲ್ಲಿ ವೈರಾಣು ಇದೆಯೇ ಎಂಬುದನ್ನಷ್ಟೇ ತಿಳಿಸುತ್ತದೆ, ರೂಪಾಂತರವನ್ನಲ್ಲ. ಅದಕ್ಕಾಗಿ ಮಲದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅಲ್ಲಿ ಪಿಸಿಆರ್ ವಿಧಾನದಿಂದ ವಿಪಿ2 ವಂಶವಾಹಿಯ ಒಂದು ಭಾಗವನ್ನು ಅಸಂಖ್ಯ ಪ್ರತಿಗಳಾಗಿ ವೃದ್ಧಿಸಿ, ಅದರ ಅಕ್ಷರಕ್ರಮವನ್ನು ಓದುತ್ತಾರೆ. ಇನ್ನೊಂದು ಉಪಾಯವೂ ಉಂಟು. ಎಂಬೋ-2 ಎಂಬ ಕಿಣ್ವವು 2ಸಿ ರೂಪದ ಆ ಭಾಗವನ್ನು ನಿಗದಿತ ಸ್ಥಳದಲ್ಲಿ ಕತ್ತರಿಸುತ್ತದೆ, ಉಳಿದವನ್ನು ಅಲ್ಲಿ ಕತ್ತರಿಸಲಾರದು. ಈ ಪರೀಕ್ಷೆಗಳಿಗೆ ಮತ್ತೊಂದು ಮಹತ್ವವಿದೆ. ಜೀವಂತ ಲಸಿಕೆ ಪಡೆದ ಮರಿಯ ಮಲದಲ್ಲಿ ಕೆಲವು ದಿನ ಲಸಿಕೆಯ ವೈರಾಣುವೇ ಕಾಣಿಸಿಕೊಳ್ಳಬಹುದು. ಅದನ್ನು ರೋಗದ ವೈರಾಣುವಿನಿಂದ ಬೇರ್ಪಡಿಸಲು ವಂಶವಾಹಿಯನ್ನೇ ಓದಬೇಕಾಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ರಚಲಿತ ಲಸಿಕೆಗಳು ಮೂರೂ ರೂಪಾಂತರಗಳ ವಿರುದ್ಧ ರಕ್ಷಣೆ ನೀಡುತ್ತವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಹೆಚ್ಚಿನ ಬಾರಿ ಎಡವಟ್ಟಾಗುವುದು ಬೇರೆಡೆ. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕಾಯುವುದರ ಜೊತೆಗೆ ಲಸಿಕೆಯನ್ನೂ ನಿಷ್ಫಲಗೊಳಿಸುತ್ತವೆ. ಅವು ಕ್ಷೀಣಿಸುತ್ತ ಬಂದಂತೆ, ರೋಗವನ್ನು ತಡೆಯಲಾಗದಿದ್ದರೂ ಲಸಿಕೆಯನ್ನು ತಡೆಯಬಲ್ಲ ಅಪಾಯದ ಅವಧಿಯೊಂದು ಬರುತ್ತದೆ. ಆದ್ದರಿಂದಲೇ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ ಲಸಿಕೆ ಹಾಕಿಸಬೇಕು. ಒಂದೇ ಚುಚ್ಚುಮದ್ದಿಗೆ ನಿಲ್ಲಿಸಿ ವೈರಾಣುವನ್ನು ದೂಷಿಸುವುದು ನ್ಯಾಯವಲ್ಲ.

ರೂಪಾಂತರ ಯಾವುದೇ ಇರಲಿ, ಚಿಕಿತ್ಸೆ ಒಂದೇ: ತಡಮಾಡದೆ ಡ್ರಿಪ್ ಮೂಲಕ ದ್ರವ ನೀಡುವುದು, ವಾಂತಿ ತಡೆಯುವುದು, ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರದಂತೆ ಪ್ರತಿಜೈವಿಕ ಕೊಡುವುದು. ಪ್ರಯೋಗಾಲಯದ ವರದಿಗಾಗಿ ಇದನ್ನು ಮುಂದೂಡಬಾರದು. ನಾಯಿಯ ಪಾರ್ವೋ ಮನುಷ್ಯರಿಗೆ ತಗಲದು. ಆದರೆ ನಮ್ಮ ಪಾದರಕ್ಷೆಗೆ ಅಂಟಿಕೊಂಡು ಮತ್ತೊಂದು ಮರಿಯನ್ನು ತಲುಪಬಲ್ಲದು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮದ್ಯಸಾರದ ಸ್ಯಾನಿಟೈಸರ್‌ಗೆ ಅದು ಜಗ್ಗದು. ನೆಲವನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಡಬೇಕು. ಮರಿ ಸತ್ತ ಮನೆಗೆ, ಲಸಿಕೆಯ ಸರಣಿ ಪೂರ್ಣಗೊಳ್ಳದ ಇನ್ನೊಂದು ಮರಿಯನ್ನು ತರಬಾರದು.