ಒಂಟಾರಿಯೊದ ಫ್ರೆಂಚ್ ಶಾಲಾ ಮಂಡಳಿಗಳು ನಡೆದು ಬಂದ ದಾರಿ

ನಮ್ಮ ಮಕ್ಕಳಲ್ಲಿ ಹಲವರು ಓದುವ ಫ್ರೆಂಚ್ ಇಮ್ಮರ್ಶನ್ ಇಂಗ್ಲಿಷ್ ಮಂಡಳಿಗಳು ನಡೆಸುವ ತರಗತಿ. ಫ್ರೆಂಚ್ ಮಂಡಳಿಗಳೇ ಬೇರೆ. ಅಲ್ಲಿ ಪಾಠದ ಜೊತೆಗೆ ಆಡಳಿತವೂ ಫ್ರೆಂಚಿನಲ್ಲೇ. ಈ ಹಕ್ಕು ಸುಲಭವಾಗಿ ಬಂದದ್ದಲ್ಲ.

1912ರಲ್ಲಿ ಒಂಟಾರಿಯೊ ಸರ್ಕಾರದ 17ನೇ ನಿಯಮವು ಮೊದಲೆರಡು ವರ್ಷಗಳ ನಂತರ ಫ್ರೆಂಚ್ ಮಾಧ್ಯಮವನ್ನು ನಿರ್ಬಂಧಿಸಿತು. ಒಟ್ಟಾವಾದ ಗೀಗ್ ಶಾಲೆಯಲ್ಲಿ ಡೆಲೋಜ್ ಸೋದರಿಯರು ನಿಯಮ ಮೀರಿ ಪಾಠ ಹೇಳಿದರು. 1916ರಲ್ಲಿ ತಾಯಂದಿರು ಟೋಪಿಯ ಪಿನ್ನುಗಳನ್ನೇ ಆಯುಧ ಮಾಡಿಕೊಂಡು ಆ ಶಾಲೆಯನ್ನು ಕಾದರು. 1927ರಲ್ಲಿ ನಿಯಮ ಸಡಿಲವಾಯಿತು. 1968ರಲ್ಲಿ ಸಾರ್ವಜನಿಕ ಫ್ರೆಂಚ್ ಪ್ರೌಢಶಾಲೆಗಳಿಗೆ ಕಾನೂನಿನ ಮನ್ನಣೆ ದೊರೆಯಿತು.

ಆದರೂ ಹಣ, ನೇಮಕಾತಿಗಳು ಹೆಚ್ಚಿನೆಡೆ ಇಂಗ್ಲಿಷ್ ಬಹುಮತದ ಮಂಡಳಿಗಳ ಕೈಯಲ್ಲೇ ಉಳಿದವು. 1982ರ ಹಕ್ಕುಗಳ ಸನ್ನದಿನ 23ನೇ ವಿಧಿ ಅಲ್ಪಸಂಖ್ಯಾತ ಅಧಿಕೃತ ಭಾಷೆಯಲ್ಲಿ ಶಿಕ್ಷಣ ಪಡೆಯುವ ಹಕ್ಕು ಕೊಟ್ಟಿತು. 1990ರಲ್ಲಿ ಅಲ್ಬರ್ಟಾದ ಪೋಷಕರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಕ್ಕಳ ಸಂಖ್ಯೆ ಸಾಕಷ್ಟಿದ್ದರೆ ಶಾಲೆಯ ಆಡಳಿತವೂ ಆ ಸಮುದಾಯದ ಹಕ್ಕು ಎಂದು ತೀರ್ಪಿತ್ತಿತು. 1998ರಲ್ಲಿ ಒಂಟಾರಿಯೊದಲ್ಲಿ 12 ಫ್ರೆಂಚ್ ಮಂಡಳಿಗಳು ರೂಪುಗೊಂಡವು: 4 ಸಾರ್ವಜನಿಕ, 8 ಕ್ಯಾಥೊಲಿಕ್. ಟೊರಾಂಟೊ ಭಾಗದ ಇಂದಿನ ವಿಯಾಮಾಂಡ್ ಆ ನಾಲ್ಕರಲ್ಲೊಂದು.

ನಮ್ಮ ವಾರಾಂತ್ಯದ ಕನ್ನಡ ತರಗತಿಗೆ ಸನ್ನದಿನ ಆಸರೆ ಇಲ್ಲ. ಅದನ್ನು ನಡೆಸುವವರೂ ನಾವೇ, ಸಾಕಷ್ಟು ಮಕ್ಕಳನ್ನು ಕಳಿಸಬೇಕಾದವರೂ ನಾವೇ.