ಸಿಮಿಲಿ ಎಂದರೆ ನಮ್ಮ ಉಪಮೆಯೇ

ಹೈಸ್ಕೂಲಿನ ಇಂಗ್ಲಿಷ್ ಪರೀಕ್ಷೆಯಲ್ಲಿ ಪದ್ಯದ ಕೆಲವು ಸಾಲು ಕೊಟ್ಟು, ಅಲ್ಲಿರುವ ಅಲಂಕಾರ ಯಾವುದೆಂದು ಕೇಳುವುದುಂಟು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಅನೇಕರು ಆ ಪ್ರಶ್ನೆಯನ್ನು ಬಿಟ್ಟೇ ಮುಂದೆ ಹೋಗುತ್ತಾರೆ. 'ಕನ್ನಡದಲ್ಲಿ ಕಲಿತದ್ದರಿಂದಲೇ ಹೀಗಾಯಿತು' ಎಂದು ಹೆತ್ತವರು ಹಲುಬುವುದನ್ನೂ ಕೇಳಿದ್ದೇನೆ. ನಿಜ ಸಂಗತಿ ಇದಕ್ಕೆ ತೀರ ವಿರುದ್ಧವಾದುದು.

ಮಳೆಗಾಲದ ಚಂದ್ರಗಿರಿ ಹೊಳೆಯನ್ನೇ ತೆಗೆದುಕೊಳ್ಳಿ. 'ಹೊಳೆ ಹುಲಿಯಂತೆ ಗರ್ಜಿಸಿತು' ಎಂದರೆ ಉಪಮೆ, ಇಂಗ್ಲಿಷಿನಲ್ಲಿ ಸಿಮಿಲಿ. ನಮ್ಮ 'ಅಂತೆ', 'ಹಾಗೆ'ಗಳ ಕೆಲಸವನ್ನು ಅಲ್ಲಿ 'ಲೈಕ್', 'ಆ್ಯಸ್' ಮಾಡುತ್ತವೆ. ಆ ಪದವನ್ನು ತೆಗೆದು 'ಈ ಹೊಳೆ ಹಸಿದ ಹುಲಿ' ಎಂದರೆ ರೂಪಕ, ಅರ್ಥಾತ್ ಮೆಟಫರ್. 'ಹೊಳೆ ಸಿಟ್ಟಾಗಿ ನಮ್ಮ ಬಾಗಿಲು ಬಡಿಯಿತು' ಎಂದಾಗ ಜಡವಸ್ತುವಿಗೆ ಮನುಷ್ಯನ ನಡತೆ ಬಂತು, ಅದು ಪರ್ಸಾನಿಫಿಕೇಶನ್. 'ನೀರು ಆಕಾಶ ಮುಟ್ಟಿತು' ಎಂಬ ಅತಿಶಯೋಕ್ತಿಯೇ ಹೈಪರ್ಬೊಲಿ. ಮಳೆಯ 'ಧೋ ಧೋ' ಎಂಬ ಅನುಕರಣಾವ್ಯಯವೇ ಅನೊಮೆಟೊಪಿಯ. ಹೆಸರು ಹೊಸತು, ಸಂಗತಿ ಹಳೆಯದು.

ಮಕ್ಕಳು ಎಡವುವುದು ಮುಖ್ಯವಾಗಿ ಪ್ರಾಸದಲ್ಲಿ. ಒಮ್ಮೆ ಚುರುಕಾದ ಹುಡುಗಿಯೊಬ್ಬಳು ಇಂಗ್ಲಿಷ್ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರವನ್ನು ಹುಡುಕಿ, 'ಇಲ್ಲಿ ರೈಮ್ ಇಲ್ಲ' ಎಂದು ಬರೆದಳು. ತಪ್ಪು ಅವಳದಲ್ಲ, ಭೇದ ತಿಳಿಸಿಕೊಡದ ನನ್ನದು. ಒಂದು ಸಾಲು 'ಮಳೆ' ಎಂದು ಆರಂಭವಾದರೆ ಮುಂದಿನದು 'ಇಳೆ' ಎಂದೋ 'ಹೊಳೆ' ಎಂದೋ ಆರಂಭವಾಗುವುದು ನಮ್ಮ ಆದಿಪ್ರಾಸ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಕೈಬಿಟ್ಟದ್ದು ಈ ಪ್ರಾಸವನ್ನೇ. ಇಂಗ್ಲಿಷಿನ ರೈಮ್ ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ ಬರುವಂಥದು: ಒಂದರ ಕೊನೆಗೆ 'ನೈಟ್', ಇನ್ನೊಂದರ ಕೊನೆಗೆ 'ಲೈಟ್'. ಅಲಿಟರೇಶನ್ ಬೇರೆ, ಅಲ್ಲಿ ಹತ್ತಿರದ ಪದಗಳು ಒಂದೇ ಧ್ವನಿಯಿಂದ ತೊಡಗುತ್ತವೆ. ಅದು ನಮ್ಮ ಅನುಪ್ರಾಸಕ್ಕೆ ಸಮೀಪ. ಗಮನಿಸಬೇಕಾದ್ದು ಅಕ್ಷರವನ್ನಲ್ಲ, ಧ್ವನಿಯನ್ನು. 'ಕ್ಯಾಟ್', 'ಕೈಟ್' ಪದಗಳ ಮೊದಲಕ್ಷರ ಬೇರೆಯಾದರೂ ಧ್ವನಿ ಒಂದೇ. 'ಕ್ಯಾಟ್', 'ಸಿಟಿ' ಪದಗಳ ಮೊದಲಕ್ಷರ ಒಂದೇ ಆದರೂ ಧ್ವನಿ ಬೇರೆ.

ಬರಿಯ ಹೆಸರು ಬರೆದರೆ ಸಾಲದು. ಹೊಳೆಯನ್ನು ಬಣ್ಣಿಸಲು ಹುಲಿಯನ್ನೇ ಏಕೆ ತಂದರು, ಹಸುವನ್ನೇಕೆ ತರಲಿಲ್ಲ ಎಂಬುದನ್ನು ಒಂದು ವಾಕ್ಯದಲ್ಲಾದರೂ ಹೇಳಬೇಕು. ಪ್ರವಾಹದ ಭಯ ನಮ್ಮ ಮನಸ್ಸಿಗೆ ತಟ್ಟಲಿ ಎಂದಲ್ಲವೆ? ಹಾಗೆ ಬರೆದ ಮಗು ಪದ್ಯವನ್ನು ಅರ್ಥಮಾಡಿಕೊಂಡಿದೆ ಎಂದೇ ಲೆಕ್ಕ.

ಹೆತ್ತವರಲ್ಲಿ ಒಂದು ವಿನಂತಿ. ಇಂಗ್ಲಿಷಿನ ಹೆದರಿಕೆಯಿಂದ ಮಗುವಿನ ಕನ್ನಡ ವ್ಯಾಕರಣ ಪುಸ್ತಕವನ್ನು ಅಟ್ಟಕ್ಕೇರಿಸಬೇಡಿ. ಇಂಗ್ಲಿಷ್ ಪದ್ಯ ಓದುವಾಗಲೂ ಅದು ಪಕ್ಕದಲ್ಲೇ ಇರಲಿ.